ನಮ್ಮ ಮನೆಯ ಸಿನಿಮಾ ಯಾವ ಭಾಷೆಯದ್ದು?

ಕಾಸರಗೋಡಿನ ಕನ್ನಡದ ಮನೆಗಳಲ್ಲಿ ರಜೆ ಅಂದರೆ ಲೆಕ್ಕ ಹಾಕಿ ಹೊಂದಿಸಬೇಕಾದ ವಿಷಯ. ನಮಗೆ ರಜೆ ಕೊಡುವುದು ಕೇರಳ. ನೆಂಟರು ಇರುವುದು ಕರ್ನಾಟಕದಲ್ಲಿ. ಪುತ್ತೂರು, ಮಂಗಳೂರಿನ ಮಕ್ಕಳು ದಸರಾ ರಜೆ ಅಂತ ವಾರಗಟ್ಟಲೆ ಮನೆಯಲ್ಲಿರುವಾಗ ನಮ್ಮ ಶಾಲೆಗಳಲ್ಲಿ ಆಯುಧ ಪೂಜೆ, ವಿಜಯದಶಮಿ ಅಂತ ಅಲ್ಲಿಗೇ ಮುಗಿಯುತ್ತದೆ. ನಮಗೆ ಓಣಂ ರಜೆ ಸಿಕ್ಕಿದಾಗ ಅವರಿಗೆ ಪಾಠ. ಚೌತಿಗೆ ನಮ್ಮ ಜಿಲ್ಲೆಗೆ ಅಂತ ಬೇರೆ ರಜೆ ಕೊಡುತ್ತಾರೆ, ಅದು ಕಡುಬು ತಿಂದು ಏಳುವಷ್ಟರಲ್ಲಿ ಮುಗಿದಿರುತ್ತದೆ. ಬೇಸಿಗೆ ರಜೆ ಎರಡೂ ಕಡೆ ಒಟ್ಟಿಗೇ ಬರುತ್ತದೆ ನಿಜ. ಆದರೆ ಆಗ ಮದುವೆ, ಉಪನಯನ, ಬ್ರಹ್ಮಕಲಶ, ಹಪ್ಪಳ ಒತ್ತುವ ಕೆಲಸ. ಯಾರೂ ಮನೆಯಲ್ಲಿ ಕೂರುವುದಿಲ್ಲ.

ಉಳಿಯುವುದು ಕ್ರಿಸ್ಮಸ್ ರಜೆ. ಕೇರಳದಲ್ಲಿ ಎಲ್ಲ ಶಾಲೆಗಳಿಗೂ ಇದೆ. ಮಂಗಳೂರಿನಲ್ಲಿ ಕ್ರೈಸ್ತ ಸಂಸ್ಥೆಗಳ ಶಾಲೆಗಳಿಗೆ ಇದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ವರ್ಷದ ಕೊನೆಗೆ ಉಳಿದ ರಜೆ ಮುಗಿಸಿ ಅಂತ ಅವರೇ ಹೇಳುತ್ತಾರಂತೆ. ಹೀಗಾಗಿ ಬದಿಯಡ್ಕದ ಹತ್ತಿರದ ನಮ್ಮ ಹವ್ಯಕರ ಮನೆ ತುಂಬುವುದು ಯೇಸುವಿನ ಹುಟ್ಟುಹಬ್ಬಕ್ಕೆ. ಅತ್ತೆ ಇದನ್ನು ವರ್ಷ ವರ್ಷವೂ ಹೇಳಿ ನಗುತ್ತಾರೆ. ನನ್ನ ಮಗ ಬೆಂಗಳೂರಿನಿಂದ ಮೊಟ್ಟೆ ಹಾಕದ ಪ್ಲಮ್ ಕೇಕ್ ತರುತ್ತಾನೆ. ಮೊಟ್ಟೆ ಇಲ್ಲ ಅಂತ ಅವನು ಎಷ್ಟು ಆಣೆ ಹಾಕಿದರೂ ಅತ್ತೆ ಅದನ್ನು ಮೂಸಿ ನೋಡಿ ಪಕ್ಕಕ್ಕಿಡುತ್ತಾರೆ.

ಈ ಸಲದ ಡಿಸೆಂಬರ್ ನನಗೆ ಬರೀ ಓಟವಾಗಿತ್ತು. 2025ರ ಸ್ಥಳೀಯಾಡಳಿತ ಚುನಾವಣೆ ನಮ್ಮ ಜಿಲ್ಲೆಯಲ್ಲಿ ಡಿಸೆಂಬರ್ 11ಕ್ಕೆ. ಶಾಲೆ ಟೀಚರ್ ಅಂದ ಮೇಲೆ ಬೂತಿನ ಡ್ಯೂಟಿ ತಪ್ಪುವುದಿಲ್ಲ. ಅದು ಮುಗಿದು ನಿದ್ದೆ ಸರಿಯಾಗುವ ಮೊದಲೇ ಅರ್ಧವಾರ್ಷಿಕ ಪರೀಕ್ಷೆ. ಜೊತೆಗೆ ಜನವರಿಯ ರಾಜ್ಯ ಕಲೋತ್ಸವದ ಗಡಿಬಿಡಿ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ ಅನ್ನುವುದು ಆಚೆ ಕಡೆಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಕಥಕಳಿ, ಓಟ್ಟಂತುಳ್ಳಲಿನ ಸಾಲಿನಲ್ಲಿ ನಮ್ಮ ಮಕ್ಕಳು ಕಿರೀಟ ಕಟ್ಟಿಕೊಂಡು ನಿಂತಿರುತ್ತಾರೆ. ರಜೆ ಸಿಕ್ಕಿದ ಸಂಜೆ ನಾನು ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ಬಸ್ಸಿಳಿದೆ. ಅದನ್ನು ಅಟ್ಟದ ಮೇಲಿಟ್ಟು, ಜನವರಿ ಬರುವವರೆಗೆ ಆ ಕಡೆ ನೋಡುವುದಿಲ್ಲ ಅಂತ ನಿರ್ಧಾರ ಮಾಡಿದೆ.

ರಜೆಯಲ್ಲಿ ಸಿನಿಮಾ ನೋಡುವುದು ಅಂದರೆ ಪೇಟೆಯವರು ಸೋಫಾದಲ್ಲಿ ಮಲಗಿಕೊಂಡು ನೋಡುವುದು ಅಂದುಕೊಳ್ಳಬಹುದು. ಡಿಸೆಂಬರಿನಲ್ಲಿ ತೋಟದ ಮನೆಗಳಲ್ಲಿ ಅದು ಹಾಗೆ ನಡೆಯುವುದಿಲ್ಲ. ಅಡಿಕೆ ಕೊಯ್ಲು ಶುರುವಾಗಿರುತ್ತದೆ. ನಮ್ಮ ಕಡೆ ಹಣ್ಣಡಿಕೆಯನ್ನು ಇಡಿಯಾಗಿಯೇ ಅಂಗಳದಲ್ಲಿ ಒಣಗಿಸುವುದು, ಚಾಲಿ ಮಾಡುವುದು. ನಲವತ್ತು ನಲವತ್ತೈದು ದಿನದ ಒಳ್ಳೆಯ ಬಿಸಿಲು ಬೇಕು. ಬೆಳಿಗ್ಗೆ ಹರಡಬೇಕು, ನಡುನಡುವೆ ಕಾಲಲ್ಲಿ ಮಗುಚಬೇಕು. ಮೋಡ ಕಟ್ಟಿದರೆ ಎಲ್ಲರೂ ಅಂಗಳಕ್ಕೆ ಓಡಬೇಕು. ಮೊದಲು ಮರ ಹತ್ತಿ ಕೊಯ್ಯುವವರು ಸಿಗುತ್ತಿದ್ದರು. ಈಗ ಇವರೇ, ಅಂದರೆ ನನ್ನ ಗಂಡನೇ, ಕಾರ್ಬನ್ ಫೈಬರಿನ ದೋಟಿ ಹಿಡಿದು ಕೆಳಗೆ ನಿಂತೇ ಗೊನೆ ಇಳಿಸುತ್ತಾರೆ. ಸಂಜೆ ಕುತ್ತಿಗೆ ನೋವು ಅಂತ ಟಿವಿಯ ಎದುರು ಕೂರುವುದೇ ಇಲ್ಲ, ಮಲಗಿಯೇ ನೋಡುತ್ತಾರೆ, ಅರ್ಧದಲ್ಲಿ ಗೊರಕೆ. ನಡುವೆ ಯಾರದ್ದಾದರೂ ಫೋನಿಗೆ ಕ್ಯಾಂಪ್ಕೊದ ರೇಟು ಬಂದರೆ ಸಿನಿಮಾ ನಿಲ್ಲಿಸಬೇಕು. 1973ರಲ್ಲಿ ಕೇರಳ, ಕರ್ನಾಟಕ ಎರಡೂ ರಾಜ್ಯದ ಬೆಳೆಗಾರರಿಗಾಗಿ ಶುರುವಾದ ಸಂಸ್ಥೆ ಅದು. ಗಡಿ ಎಲ್ಲಿ ಬೇಕಾದರೂ ಇರಲಿ, ನಮ್ಮ ಅಡಿಕೆಗೂ ಪುತ್ತೂರಿನ ಅಡಿಕೆಗೂ ಅಲ್ಲಿ ಒಂದೇ ಲೆಕ್ಕ.

ಮಂಗಳೂರಿನಿಂದ ಮೈದುನನ ಮಕ್ಕಳಿಬ್ಬರು ಬಂದಿದ್ದರು. ಅವರಿಗೆ ಮನೆಯ ಹಿಂದಿನ ಸುರಂಗವೇ ದೊಡ್ಡ ಸಿನಿಮಾ. ಗುಡ್ಡದ ಮುರಕಲ್ಲಿಗೆ ಅಡ್ಡವಾಗಿ ಕೊರೆದ ಗುಹೆ, ಒಳಗಿಂದ ನೀರು ತಾನಾಗಿ ಹರಿದು ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಒಬ್ಬ ಬಗ್ಗಿ ಹೋಗುವಷ್ಟು ಅಗಲ, ಒಳಗೆ ಬಾವಲಿ. ಇಬ್ಬರೂ ಟಾರ್ಚು ಹಿಡಿದು ಒಳಗೆ ನುಗ್ಗಿ ಬಾವಲಿ ಹಾರಿದ ಕೂಡಲೇ ಕಿರುಚಿಕೊಂಡು ಹೊರಗೆ. ಇದು ಮಧ್ಯಾಹ್ನದ ಊಟದವರೆಗೂ ನಡೆಯುತ್ತಿತ್ತು. ರಾತ್ರಿ ಊಟ ಮುಗಿದ ಮೇಲೆ, ಬೇಸಿಗೆಯಲ್ಲಿ ಒತ್ತಿಟ್ಟ ಹಲಸಿನ ಹಪ್ಪಳ ಕಾಯಿಸಿಕೊಂಡು, ನಿಜವಾದ ಸಿನಿಮಾ.

ಇಲ್ಲಿಂದ ಸಮಸ್ಯೆ ಶುರು. ಯಾವ ಭಾಷೆಯದ್ದು?

ಮಾವನಿಗೆ ಕನ್ನಡ, ತುಳು, ಮಲಯಾಳ ಮೂರೂ ಒಂದೇ. ಕೊಂಕಣಿ ಮಾತನಾಡುವುದಿಲ್ಲ, ಆದರೆ ಅಂಗಡಿಯವರು ಕೊಂಕಣಿಯಲ್ಲಿ ರೇಟು ಮಾತಾಡಿಕೊಂಡರೆ ಗೊತ್ತಾಗುತ್ತದೆ. ಅತ್ತೆ ಬಂಟ್ವಾಳದ ಕಡೆಯಿಂದ ಬಂದವರು. ಇಲ್ಲಿಗೆ ಬಂದು ಅರ್ಧ ಶತಮಾನ ಆಗುತ್ತಾ ಬಂದರೂ ಮಲಯಾಳ ವೇಗವಾಗಿ ಬಂದರೆ ಕೈ ಬಿಟ್ಟುಬಿಡುತ್ತಾರೆ. ಮಗ ಶಾಲೆಯಲ್ಲಿ ಕನ್ನಡ ಮಾಧ್ಯಮ, ಆಟದ ಬಯಲಿನಲ್ಲಿ ಮಲಯಾಳ, ಈಗ ಆಫೀಸಿನಲ್ಲಿ ಇಂಗ್ಲಿಷು. ಮೈದುನನ ಮಕ್ಕಳಿಗೆ ಮಲಯಾಳ ಒಂದಕ್ಷರ ಬಾರದು. ಸಬ್‌ಟೈಟಲ್ ಹಾಕಿದರೆ ಮಾವನಿಗೆ ಕಿರಿಕಿರಿ, ಅಕ್ಷರ ಅಡ್ಡ ಬರುತ್ತದೆ ಅಂತ. ತೆಗೆದರೆ ಅತ್ತೆಗೆ ಕಷ್ಟ. "ಎಂತ ಹೇಳಿದ್ದು ಅವ?" ಅಂತ ಅತ್ತೆ ಕೇಳುತ್ತಾರೆ. "ಸುಮ್ಮನೆ ನೋಡು, ಮತ್ತೆ ಹೇಳ್ತೆ" ಅಂತ ಮಾವ. ಅಷ್ಟರಲ್ಲಿ ಮಕ್ಕಳು, "ದೊಡ್ಡಮ್ಮಾ, ಇದಕ್ಕೆ ಕನ್ನಡ ಆಡಿಯೋ ಇಲ್ವಾ?"

ಇದೆ. ಈಗ ಎಲ್ಲದಕ್ಕೂ ಇದೆ. ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನುವ ಕಟ್ಟು ದಶಕಗಟ್ಟಲೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂತು, 2017ರಲ್ಲಿ ಡಬ್ ಆದ ಸಿನಿಮಾ ಥಿಯೇಟರಿಗೂ ಬಂತು. ಅದರ ಪರ ವಿರೋಧ ಎರಡೂ ಬೆಂಗಳೂರಿನ ಜಗಳ. ನಮ್ಮಂಥ ಗಡಿಯ ಮನೆಗೆ ಅದು ತಂದ ತೊಂದರೆ ಬೇರೆ. ನಮ್ಮೂರಿನ ಮಲಯಾಳವನ್ನು ನಮಗೇ ಬೆಂಗಳೂರಿನ ಸ್ಟುಡಿಯೋ ಕನ್ನಡದಲ್ಲಿ ಕೇಳಿಸುತ್ತಾರೆ. ಬಸ್ಸಿನಲ್ಲಿ ದಿನಾ ಕಿವಿಗೆ ಬೀಳುವ 'ಓನ್', 'ಓಳ್' (ಅವನು, ಅವಳು) ಹೋಗಿ, ಯಾರೂ ಎಲ್ಲಿಯೂ ಮಾತನಾಡದ ಒಂದು ಪುಸ್ತಕದ ಕನ್ನಡ ಬರುತ್ತದೆ. ಅದರಲ್ಲಿ ಅಮ್ಮ ಮಗನಿಗೆ ಬಯ್ಯುವುದು ಕೂಡ ಸುದ್ದಿ ಓದಿದ ಹಾಗಿರುತ್ತದೆ. ಮಾವ ಎದ್ದು ಹೋಗುತ್ತಾರೆ. ಕೊನೆಗೆ ಒಂದು ಒಪ್ಪಂದ ಆಯಿತು. ಮಲಯಾಳ ಸಿನಿಮಾ ಮಲಯಾಳದಲ್ಲೇ, ಮಕ್ಕಳಿಗೆ ನಾನು ಕಿವಿಯಲ್ಲಿ ಹೇಳುವುದು. ಅರ್ಧ ಸಿನಿಮಾ ಆಗುವಾಗ ಅವರು ಕೇಳುವುದನ್ನೇ ಬಿಟ್ಟರು. ಮಕ್ಕಳಿಗೆ ಭಾಷೆ ಅಷ್ಟು ದೊಡ್ಡ ಗೋಡೆ ಅಲ್ಲ ಅನ್ನುವುದನ್ನು ತರಗತಿಯಲ್ಲಿ ದಿನಾ ನೋಡುತ್ತೇನೆ. ಆದರೂ ಪ್ರತಿ ಸಲ ಆಶ್ಚರ್ಯ.

ಯಾರೂ ಯಾರಿಗೂ ಏನೂ ಹೇಳಬೇಕಾಗಿ ಬಾರದ ಸಿನಿಮಾ ಒಂದೇ: 'ಸು ಫ್ರಮ್ ಸೋ'. ಜುಲೈಯಲ್ಲಿ ಬಿಡುಗಡೆಯಾದಾಗ ನಾವು ಮಂಗಳೂರಿಗೆ ಹೋಗಿ ನೋಡಿದ್ದೆವು. ರಜೆಯಲ್ಲಿ ಅತ್ತೆ ಮಾವನಿಗೋಸ್ಕರ ಮತ್ತೆ ಹಾಕಿದೆವು. ಅಶೋಕ ಅನ್ನುವ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರಿಡೀ ನಂಬುವ ಕತೆ. ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದವರು ಜೆ.ಪಿ. ತೂಮಿನಾಡು. ತೂಮಿನಾಡು ಅಂದರೆ ತಲಪಾಡಿಯ ಗಡಿ ದಾಟಿ ಈಚೆ ಬಂದರೆ ಸಿಗುವ ಊರು, ಮಂಜೇಶ್ವರದ ಹತ್ತಿರ. ಅಂದರೆ ನಮ್ಮ ಜಿಲ್ಲೆ. ಇಡೀ ಕರ್ನಾಟಕ ನಕ್ಕ ಸಿನಿಮಾ ಮಾಡಿದ್ದು ಕಾಸರಗೋಡಿನ ಮನುಷ್ಯ ಅಂತ ಹೇಳಿದರೆ ಬೆಂಗಳೂರಿನಲ್ಲಿ ಮಗನ ಸ್ನೇಹಿತರು ನಂಬಲಿಲ್ಲವಂತೆ. ಮಂಗಳೂರಿನವರಲ್ವಾ ಅಂದರಂತೆ. ಅದು ಆಗಸ್ಟಿನಲ್ಲಿ ಮಲಯಾಳಕ್ಕೆ ಡಬ್ ಆಗಿ ದುಲ್ಕರ್ ಸಲ್ಮಾನ್ ಅವರ ಸಂಸ್ಥೆಯ ಮೂಲಕ ಕೇರಳಕ್ಕೂ ಬಂತು. ಕೇರಳದವನು ಕನ್ನಡದಲ್ಲಿ ಮಾಡಿದ ಸಿನಿಮಾ ಮಲಯಾಳವಾಗಿ ಕೇರಳಕ್ಕೆ ಬಂತು, ನೋಡಿ!

ಅತ್ತೆ ನಕ್ಕದ್ದು ಕತೆಗೆ ಅಲ್ಲ. ಊರಿನ ಗಂಡಸರು ಮದುವೆ ಮನೆಯ ಮೂಲೆಯಲ್ಲಿ, ಕಟ್ಟೆಯ ಮೇಲೆ ಮಾತನಾಡುವ ಧಾಟಿಗೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ದೊಡ್ಡದು ಮಾಡುವುದು, ಮೂರನೆಯವನು ತಾನೇ ಕಣ್ಣಾರೆ ಕಂಡೆ ಅನ್ನುವುದು. "ಇದು ನಮ್ಮ ಊರಿಲಿ ಅಪ್ಪದೇ ಅಲ್ಲದೋ" (ನಮ್ಮ ಊರಿನಲ್ಲಿ ಆಗುವುದೇ ಅಲ್ಲವಾ) ಅಂತ ಅತ್ತೆ ಮತ್ತೆ ಮತ್ತೆ ಹೇಳಿದರು. ಮಾವ ಮಾತ್ರ ಒಂದು ತಕರಾರು ತೆಗೆದರು. ತೂಮಿನಾಡಿನವನು ಸುಲೋಚನೆಯನ್ನು ಗಡಿಯಾಚೆಯ ಸೋಮೇಶ್ವರದಿಂದ ಯಾಕೆ ಕರೆಸಬೇಕಿತ್ತು, ಈಚೆ ನಮ್ಮ ಉಪ್ಪಳದಲ್ಲಿ ಹೆಂಗಸರಿರಲಿಲ್ಲವಾ? ತಮಾಷೆಗೆ ಹೇಳಿದ ಮಾತು. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಯಾಕೆಂದರೆ ರಜೆಯಲ್ಲಿ ನಾವು ನೋಡಿದ, ಮತ್ತೆ ನೋಡಿದ ಸಿನಿಮಾಗಳಲ್ಲಿ ನಮ್ಮ ಜಿಲ್ಲೆ ತುಂಬ ಸಲ ಬಂತು. ಆದರೆ ಬಂದದ್ದು ಮಲಯಾಳದಲ್ಲಿ.

ನಾನು ಕಾಲೇಜಿಗೆ ಹೋಗುವಾಗ ಮಲಯಾಳ ಸಿನಿಮಾದಲ್ಲಿ ಕಾಸರಗೋಡು ಅಂದರೆ ಶಿಕ್ಷೆಯ ಊರು. ಸರಕಾರಿ ನೌಕರ ತಪ್ಪು ಮಾಡಿದರೆ, ಇಲ್ಲ ಮಂತ್ರಿಯ ಎದುರು ನಿಂತರೆ, ಕಾಸರಗೋಡಿಗೆ ಟ್ರಾನ್ಸ್‌ಫರ್. ಇನ್ನೊಂದು ಬಳಕೆ 'ಕಾಸರಗೋಡಿನಿಂದ ಪಾರಶಾಲೆಯವರೆಗೆ' ಅನ್ನುವುದು. ಇಡೀ ಕೇರಳ ಅಂತ ಹೇಳಲು. ಅಷ್ಟೇ ನಮ್ಮ ಪಾತ್ರ. ಬಡಗು ತುದಿಯ ಮೈಲುಗಲ್ಲು. ನಮ್ಮ ರಾಜ್ಯದ ರಾಜಧಾನಿ ತಿರುವನಂತಪುರ ಇಲ್ಲಿಂದ 500 ಕಿಲೋಮೀಟರಿಗೂ ದೂರ, ವಂದೇ ಭಾರತಿನಲ್ಲಿ ಕೂತರೂ ಎಂಟು ತಾಸು ಬೇಕು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು. ಅಷ್ಟು ದೂರದಿಂದ ಮೈಲುಗಲ್ಲು ಬಿಟ್ಟು ಬೇರೇನೂ ಕಾಣದೆ ಇದ್ದದ್ದು ಸಹಜವೇ.

ಆಮೇಲೆ ಅದು ಬದಲಾಯಿತು. 2017ರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ನೋಡಿದಾಗ ನಾನು ಕತೆಗಿಂತ ಜಾಸ್ತಿ ನೋಡಿದ್ದು ನೆಲ. ಆ ಒಣ ಹುಲ್ಲು, ಮುರಕಲ್ಲು, ನೀರಿಗಾಗಿ ಪರದಾಟ. ದಕ್ಷಿಣದಿಂದ ಓಡಿ ಬಂದ ದಂಪತಿ ಇಲ್ಲಿ ಬದುಕು ಕಟ್ಟಿಕೊಳ್ಳಲು ಹೊರಟಿರುತ್ತಾರೆ, ಬಸ್ಸಿನಲ್ಲಿ ಕಳ್ಳ ಸರ ನುಂಗುತ್ತಾನೆ. ಪೊಲೀಸರ ಪಾತ್ರಗಳಲ್ಲಿ ಹಲವರು ನಿಜವಾದ ಪೊಲೀಸರೇ. 2021ರಲ್ಲಿ 'ತಿಂಗಳಾಳ್ಚ ನಿಶ್ಚಯಂ' ಬಂತು. ಕಾಞಂಗಾಡಿನ ಕತೆ. ನಮ್ಮ ಹಿರಿಯರು ಈಗಲೂ ಹೊಸದುರ್ಗ ಅನ್ನುತ್ತಾರೆ. ಕುವೈತಿನಿಂದ ವಾಪಸು ಬಂದ ವಿಜಯನ್ ಮಗಳ ನಿಶ್ಚಿತಾರ್ಥ ಗೊತ್ತು ಮಾಡಿದ್ದಾನೆ, ಮಗಳ ಮನಸ್ಸು ಬೇರೆ ಕಡೆ. ಒಂದು ಮನೆ, ಒಂದು ಅಂಗಳ, ಅಡುಗೆಯ ಹೊಗೆ, ಬಂದು ಹೋಗುವ ನೆರೆಕರೆ. ಇಷ್ಟರಲ್ಲೇ ಸಿನಿಮಾ. ಈ ರಜೆಯಲ್ಲಿ ಮತ್ತೆ ನೋಡಿದಾಗಲೂ ಅಷ್ಟೇ ನಗು. ನಮ್ಮ ಮಾವನಿಗಂತೂ ಆ ವಿಜಯನ್ ಗುರುತಿನವನೇ ಅನಿಸಿದ್ದಾನೆ. ಸಾಲದ ಮೇಲೆ ಜಂಬ ಕೊಚ್ಚುವವರು ಎಲ್ಲ ಭಾಷೆಯಲ್ಲೂ ಇದ್ದಾರೆ ಅಂತ ಅವರ ಅಭಿಪ್ರಾಯ.

2022ರ 'ನ್ನಾ ತಾನ್ ಕೇಸ್ ಕೊಡ್' ನನ್ನ ಮೆಚ್ಚಿನದು. ರಸ್ತೆಯ ಗುಂಡಿಯಿಂದ ಶುರುವಾಗಿ ಮಂತ್ರಿಯವರೆಗೆ ಹೋಗುವ ಕೇಸು. ಕುಂಚಾಕೊ ಬೋಬನ್ ಮಾಜಿ ಕಳ್ಳ. ಆದರೆ ಸಿನಿಮಾ ಗೆದ್ದದ್ದು ನ್ಯಾಯಾಧೀಶರ ಪಾತ್ರದಿಂದ ಅಂತ ನಾನು ಹೇಳುತ್ತೇನೆ. ಅದನ್ನು ಮಾಡಿದ ಪಿ.ಪಿ. ಕುಞಿಕೃಷ್ಣನ್ ನಮ್ಮ ಜಿಲ್ಲೆಯ ನಿವೃತ್ತ ಮೇಷ್ಟ್ರು. ಕೇರಳ ರಾಜ್ಯ ಪ್ರಶಸ್ತಿಯೂ ಬಂತು. ಕೋರ್ಟಿನಲ್ಲಿ ಗಲಾಟೆ ಆದಾಗ ಅವರು ನೋಡುವ ನೋಟ ಇದೆಯಲ್ಲ, ಅದನ್ನು ಯಾವ ನಟನಾ ಶಾಲೆಯೂ ಕಲಿಸುವುದಿಲ್ಲ. ಐದನೇ ಕ್ಲಾಸಿನ ಕೊನೆಯ ಬೆಂಚನ್ನು ವರ್ಷಗಟ್ಟಲೆ ನೋಡಿ ಬರುವ ನೋಟ ಅದು. ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ಅದರ ಮಿಮಿಕ್ರಿ ನಡೆಯುತ್ತದೆ.

ಈ ಸಿನಿಮಾಗಳನ್ನು ನಾವು ನಮ್ಮವು ಅಂತಲೇ ನೋಡುತ್ತೇವೆ. ಬಸ್ ಸ್ಟ್ಯಾಂಡ್ ಕಂಡರೆ ಕೂಗುತ್ತೇವೆ, ಗುಡ್ಡ ಕಂಡರೆ ಯಾವ ಗುಡ್ಡ ಅಂತ ಜಗಳ ಮಾಡುತ್ತೇವೆ. ಆದರೆ ಅವುಗಳಲ್ಲಿ ಕನ್ನಡ ಮಾತನಾಡುವ ಮನೆ ಇಲ್ಲ. ಚಂದ್ರಗಿರಿ ಹೊಳೆಯ ಬಡಗು ಬದಿಯ ನಾವು ಕಾಣುವುದಿಲ್ಲ. ಬೇಕೆಂದೇ ಬಿಟ್ಟದ್ದು ಅಂತ ನನಗೆ ಅನಿಸುವುದಿಲ್ಲ. ಅವರು ತಮ್ಮ ಊರಿನ ಕತೆ ಹೇಳುತ್ತಿದ್ದಾರೆ, ನಮ್ಮ ಕತೆ ಹೇಳುವ ಹೊಣೆ ಅವರಿಗೆ ಯಾಕೆ? 'ತಿಂಗಳಾಳ್ಚ ನಿಶ್ಚಯಂ' ಮಾಡಿದ ಸೆನ್ನಾ ಹೆಗ್ಡೆಯವರ ವಿಷಯ ಸ್ವಾರಸ್ಯವಾಗಿದೆ. ಕಾಞಂಗಾಡಿನವರು. 2018ರಲ್ಲಿ ಕನ್ನಡದಲ್ಲೂ ಒಂದು ಸಿನಿಮಾ ಮಾಡಿದ್ದಾರೆ, ದಿಗಂತ್ ಇದ್ದ 'ಕಥೆಯೊಂದು ಶುರುವಾಗಿದೆ'. ಅದು ಒಂದು ರೆಸಾರ್ಟಿನ ಕತೆ. ಅವರ ಕನ್ನಡ ಸಿನಿಮಾ ರೆಸಾರ್ಟಿಗೆ ಹೋಯಿತು, ಮಲಯಾಳ ಸಿನಿಮಾ ಮನೆಯ ಅಂಗಳಕ್ಕೆ ಬಂತು.

ಹಾಗಾದರೆ ಕನ್ನಡ ಸಿನಿಮಾ ಕಾಸರಗೋಡಿಗೆ ಬರಲೇ ಇಲ್ಲವಾ? ಬಂದಿದೆ. ಹೆಸರಿನಲ್ಲೇ ಬಂದಿದೆ. 'ಸರಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ'. 2018ರ ಆಗಸ್ಟಿನಲ್ಲಿ ಬಂತು, ಮಕ್ಕಳ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಮೈದುನನ ಮಕ್ಕಳು ಹಟ ಮಾಡಿ ಅದನ್ನು ಹಾಕಿಸಿದರು, ಎಷ್ಟನೇ ಸಲವೋ. ಹಾಡು, ಡೈಲಾಗು ಎಲ್ಲ ಬಾಯಿಪಾಠ. ಕೋರ್ಟಿನಲ್ಲಿ ಅನಂತ್‌ನಾಗ್ ಮಾತನಾಡುವಾಗ ಇಬ್ಬರೂ ಎದ್ದು ನಿಂತು ಚಪ್ಪಾಳೆ.

ನಾನೂ ಚಪ್ಪಾಳೆ ಹೊಡೆಯುತ್ತೇನೆ. ಆ ಸಿನಿಮಾ ಬಂದ ಮೇಲೆ ನಾವು ಎಲ್ಲಿದ್ದೇವೆ ಅಂತ ಹಾಸನದವರಿಗೂ ಹುಬ್ಬಳ್ಳಿಯವರಿಗೂ ಗೊತ್ತಾಯಿತು. ಕನ್ನಡದ ಮಕ್ಕಳ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬರುವ ಸಂಗತಿ ಕಟ್ಟುಕತೆಯಲ್ಲ, ಪೇಪರಿನಲ್ಲಿ ಆಗಾಗ ಓದುತ್ತೇವೆ, ಪ್ರತಿಭಟನೆಯೂ ನಡೆಯುತ್ತದೆ. 1956ರ ನವೆಂಬರ್ 1ರಂದು ಎಲ್ಲರೂ ಹೊಸ ರಾಜ್ಯದ ಸಂಭ್ರಮದಲ್ಲಿದ್ದಾಗ ದಕ್ಷಿಣ ಕನ್ನಡದ ಈ ತುಂಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ ಹೇಳಿದ್ದೂ ಆಯಿತು, ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ, ಆ ಆಸೆಯನ್ನು ಇಟ್ಟುಕೊಂಡೇ 2015ರಲ್ಲಿ ಹೋದರು. ಇದೆಲ್ಲ ನಮ್ಮ ಮಾವನಂಥವರಿಗೆ ಪಾಠಪುಸ್ತಕದ ವಿಷಯವಲ್ಲ.

ಆದರೂ ಆ ಸಿನಿಮಾದ ಬಗ್ಗೆ ನನ್ನದೊಂದು ಕೊರಗು ಇದೆ. ಅಲ್ಲಿ ಶಾಲೆಯನ್ನು ಮುಚ್ಚಿಸಲು ಹೊರಡುವವನು ಕಣ್ಣಿಗೆ ಕಾಣುತ್ತಾನೆ. ಅವನ ಜೊತೆ ಹೋರಾಡಬಹುದು, ಕೋರ್ಟಿಗೆ ಎಳೆಯಬಹುದು. ನಿಜದಲ್ಲಿ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುವುದು ಹಳದಿ ಬಣ್ಣದ ವ್ಯಾನು. ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು. ಅದು ಬೆಳಿಗ್ಗೆ ಕನ್ನಡದವರ ಮನೆ ಬಾಗಿಲಿಗೂ ಬರುತ್ತದೆ, ಮಲಯಾಳದವರ ಮನೆ ಬಾಗಿಲಿಗೂ ಬರುತ್ತದೆ. ಅದನ್ನು ಕರೆಸಿದ್ದು ಅಪ್ಪ ಅಮ್ಮಂದಿರೇ. ಪಕ್ಕದ ಮಲಯಾಳ ಮಾಧ್ಯಮದ ಟೀಚರೂ ನಾನೂ ಜೂನ್ ತಿಂಗಳಲ್ಲಿ ಒಟ್ಟಿಗೇ ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳಿದ್ದೇವೆ. ಅವರು ಮಲಯಾಳದಲ್ಲಿ ಕೇಳಿದ್ದು, ನಾನು ಕನ್ನಡದಲ್ಲಿ ಕೇಳಿದ್ದು, ಉತ್ತರ ಮಾತ್ರ ಒಂದೇ. ಇದನ್ನು ಸಿನಿಮಾ ಮಾಡಿದರೆ ಕೊನೆಯಲ್ಲಿ ಚಪ್ಪಾಳೆ ಬೀಳುವ ಭಾಷಣ ಯಾರು ಮಾಡಬೇಕು?

ಬಿಡಿ. ಇದರ ಉಲ್ಟಾ ಇನ್ನೊಂದು ಸಿನಿಮಾವನ್ನು ಮಗ ತೋರಿಸಿದ. 'ಲೋಕಾ'. ಓಣಂ ಹೊತ್ತಿಗೆ ಬಂದ ಮಲಯಾಳ ಸಿನಿಮಾ, 2025ರಲ್ಲಿ ಅದುವರೆಗಿನ ಮಲಯಾಳ ಸಿನಿಮಾಗಳಲ್ಲೇ ಅತಿ ಜಾಸ್ತಿ ಗಳಿಸಿದ್ದು. ಕಳ್ಳಿಯಂಕಾಟ್ಟು ನೀಲಿ ಅನ್ನುವ ಯಕ್ಷಿಯ ಹಳೆಯ ಕತೆಯನ್ನು ತೆಗೆದುಕೊಂಡು ಈ ಕಾಲಕ್ಕೆ ತಂದಿದ್ದಾರೆ. ಕಲ್ಯಾಣಿ ಪ್ರಿಯದರ್ಶನ್ ರಾತ್ರಿ ಪಾಳಿಯ ಹುಡುಗಿ, ಮನುಷ್ಯಳಲ್ಲ. ಕತೆ ಹೆಚ್ಚಾಗಿ ನಡೆಯುವುದು ಬೆಂಗಳೂರಿನಲ್ಲಿ! ಮಗ ತಾನಿರುವ ಊರನ್ನು ಮಲಯಾಳದಲ್ಲಿ ಹುಡುಕುತ್ತಿದ್ದ. ಬೆಂಗಳೂರಿನ ಬಗ್ಗೆ ಒಂದು ಮಾತಿಗೆ ಗಲಾಟೆ ಆಗಿ, ಸಿನಿಮಾದವರು ಕ್ಷಮೆ ಕೇಳಿದ್ದೂ ನೆನಪಿರಬಹುದು. ಮಲಯಾಳ ಸಿನಿಮಾಕ್ಕೆ ಬೆಂಗಳೂರು ಅಂದರೆ ಮನೆಯವರ ಕಣ್ಣು ತಪ್ಪಿಸಿ ಬದುಕಬಹುದಾದ ಊರು. 2014ರ 'ಬ್ಯಾಂಗಲೂರ್ ಡೇಸ್' ಕಾಲದಿಂದಲೂ ಹಾಗೆಯೇ. ಕನ್ನಡ ಸಿನಿಮಾಕ್ಕೆ ಕಾಸರಗೋಡು ಅಂದರೆ ಹೋರಾಟದ ಊರು. ಅವರು ಅಲ್ಲಿಗೆ ಮಜಾ ಮಾಡಲು ಹೋಗುತ್ತಾರೆ, ಇವರು ಇಲ್ಲಿಗೆ ನಮ್ಮನ್ನು ಕಾಪಾಡಲು ಬರುತ್ತಾರೆ. ಎರಡು ಕಡೆಯವರೂ ಇನ್ನೊಬ್ಬರ ಊರಿನಲ್ಲಿ ತಮಗೆ ಬೇಕಾದ್ದನ್ನೇ ಕಾಣುವುದು. ಮಗನಿಗೆ ಇದನ್ನು ಹೇಳಿದೆ. "ಅಮ್ಮಾ, ರಜೆಯಲ್ಲಿ ಪಾಠ ಬೇಡ" ಅಂದ.

'ಕಾಂತಾರ'ದ ಎರಡನೆಯದನ್ನೂ ಹಾಕಿದೆವು. ಮನೆಯಲ್ಲಿ ಎರಡು ಪಕ್ಷ ಆಯಿತು. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಮಾವನಿಗೆ ದೈವದ ವೇಷವನ್ನು ತೆರೆಯ ಮೇಲೆ ನೋಡುವಾಗ ಒಂದು ಬಗೆಯ ಅಂಜಿಕೆ. ಸಿನಿಮಾ ಕೆಟ್ಟದು ಅಂತ ಅವರು ಹೇಳಲಿಲ್ಲ. ಆ ಕೂಗು ಬಂದಾಗ ಹಪ್ಪಳದ ತಟ್ಟೆ ಕೆಳಗಿಟ್ಟು ನೇರ ಕೂತರು, ಅಷ್ಟೇ. ನಮ್ಮಲ್ಲಿ ಡಿಸೆಂಬರ್ ಅಂದರೆ ಕೋಲದ ಕಾಲ. ಹೊಳೆಯ ಈಚೆ ತುಳುವಿನಲ್ಲಿ ಕೋಲ, ಆಚೆ ಮಲಯಾಳದಲ್ಲಿ ತೆಯ್ಯಂ. ಗುಡ್ಡದಾಚೆಯಿಂದ ರಾತ್ರಿ ನಿಜವಾದ ಚೆಂಡೆ, ತಾಸೆಯ ಸದ್ದು ಕೇಳುವಾಗ ಟಿವಿಯಲ್ಲೂ ಅದೇ ಬಂದರೆ ಯಾವುದರ ವಾಲ್ಯೂಮ್ ಕಡಿಮೆ ಮಾಡುವುದು? ನಾನು ಟಿವಿಯದ್ದು ಮಾಡಿದೆ.

ಒಂದು ರಾತ್ರಿ ಟಿವಿಗೆ ರಜೆ ಕೊಟ್ಟು ಎಲ್ಲರೂ ಬಯಲಾಟಕ್ಕೆ ಹೋದೆವು. ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಯ‌ಕ್ಷಗಾನ ಬಿಟ್ಟು ಮನರಂಜನೆ ಇಲ್ಲ, ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಇದು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರದ ಮಾತುಗಾರಿಕೆ, ಕೇಳಿದವನಿಗೆ ಯಾವ ಕೋರ್ಟ್ ಸೀನೂ ಹಿಡಿಸುವುದಿಲ್ಲ ಅಂತ ಮಾವನ ಹಳೆಯ ಮಾತು. ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ಮಧ್ಯರಾತ್ರಿಗೆ ಮುಗಿಯಿತು. ಮಕ್ಕಳಿಗೆ ಅದೇ ಜಾಸ್ತಿ, ಮಾವನಿಗೆ ಅದು ಇಂಟರ್ವಲ್. ದಾರಿಯಲ್ಲಿ ಪೂರ್ತಿ ಗೊಣಗಿದರು.

ನನಗೆ ಬೇಕಾದ ಸಿನಿಮಾ ಯಾವುದು ಅಂತ ಆ ರಾತ್ರಿ ಜೀಪಿನಲ್ಲಿ ಬರುವಾಗ ಎಲ್ಲರಿಗೂ ಹೇಳಿದೆ. ಅದರಲ್ಲಿ ಹೋರಾಟ ಇರುವುದಿಲ್ಲ. ನಮ್ಮಂಥದೇ ಒಂದು ಮನೆ. ಒಳಗೆ ಹವ್ಯಕ ಕನ್ನಡ, ಅಂಗಳದಲ್ಲಿ ಅಡಿಕೆ ಸುಲಿಯುವವರ ಜೊತೆ ತುಳು, ಬಸ್ಸಿನಲ್ಲಿ ಮಲಯಾಳ, ಮೀನಿನ ಗಾಡಿಯವರ ಬ್ಯಾರಿ, ಶಾಲೆಯಲ್ಲಿ ಪುಸ್ತಕದ ಕನ್ನಡ, ಫೋನಿನಲ್ಲಿ ಮಗನ ಇಂಗ್ಲಿಷು. ಪಂಚಾಯತಿಗೆ ಒಂದು ಅರ್ಜಿ ಕೊಡಲು ಹೋಗುವ ಕತೆ ಸಾಕು. ಅರ್ಜಿ ಕನ್ನಡದಲ್ಲಿ, ಉತ್ತರ ಮಲಯಾಳದಲ್ಲಿ, ಜಗಳ ತುಳುವಿನಲ್ಲಿ, ರಾಜಿ ಚಾ ಕುಡಿಯುತ್ತಾ ಎಲ್ಲದರಲ್ಲಿ. ಯಾರೂ ಕೆಟ್ಟವರಲ್ಲ. ನಗಲು ಬೇಕಾದಷ್ಟಿದೆ.

ಮಗ ಕೂಡಲೇ ಲೆಕ್ಕ ಹಾಕಿದ. ದುಡ್ಡು ಹಾಕುವವರು ಯಾರು, ಯಾವ ಭಾಷೆಯ ಸಿನಿಮಾ ಅಂತ ಸೆನ್ಸಾರಿಗೆ ಬರೆದು ಕೊಡುವುದು, ಸಬ್ಸಿಡಿ ಬೆಂಗಳೂರಿನಲ್ಲಿ ಕೇಳುವುದಾ, ತಿರುವನಂತಪುರದಲ್ಲಾ. ಮೈದುನ, "ಎರಡೂ ಕಡೆ ಕೊಡ್ಲಿಕ್ಕಿಲ್ಲ" ಅಂದ. ಮಕ್ಕಳಿಗೆ ಅದರಲ್ಲಿ ಸುರಂಗ ಬೇಕು, ಬಾವಲಿ ಬೇಕು. ಇವರು ಅಡಿಕೆ ರೇಟು ಬರಬೇಕು ಅಂದರು. ಮಾವ ಪಂಚಾಯತಿನ ಗುಮಾಸ್ತನ ಪಾತ್ರಕ್ಕೆ ಆಗಲೇ ಒಬ್ಬರನ್ನು ಗೊತ್ತು ಮಾಡಿದ್ದರು, ಪಾಪ, ಆ ಮನುಷ್ಯನಿಗೆ ಗೊತ್ತೇ ಇಲ್ಲ. ಅತ್ತೆ ಮಾತ್ರ ಹಿಂದಿನ ಸೀಟಿನಿಂದ ಒಂದೇ ಪ್ರಶ್ನೆ ಕೇಳಿದರು. ಆ ಮನೆಯ ಅತ್ತೆಗೆ ಮಲಯಾಳ ಬತ್ತೋ, ಇಲ್ಲೆಯೋ? ಬರುವುದಿಲ್ಲ ಅಂದೆ. "ಹಾಂಗಾರೆ ಆ ಪಾರ್ಟು ಎನಗೆ" ಅಂದರು.